ಇಂಟರ್ನ್‌ಶಿಪ್ ಡೈರಿ, 6ನೇ ವಾರ: ಡೇರಿ ಮೆಸೇಜು ಮತ್ತು ಕಾಣದ ಮೂರು ಅಕ್ಷರ

ಕಾಲೇಜಿಗೆ ಕೊಡುವ ಡೈರಿಯಲ್ಲಿ ಈ ವಾರ ‘ಎಸ್‌ಎಂಎಸ್ ಮಾಡ್ಯೂಲ್ ಕೆಲಸ’ ಎಂದು ಒಂದೇ ಸಾಲು ಬರೆದೆ. ಅಲ್ಲಿಗೆ ಅಷ್ಟು ಸಾಕು. ನಡೆದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಹೊಸಬರಿಗೆ: ನಾನು ವಿಟಿಯು 8ನೇ ಸೆಮ್, ಕಂಪ್ಯೂಟರ್ ಸೈನ್ಸ್. ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಇಂಟರ್ನ್. ಹಳ್ಳಿಯ ಹಾಲಿನ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡುತ್ತಾರೆ. ನಮ್ಮಮ್ಮನೂ ಊರಲ್ಲಿ ಡೇರಿಗೆ ಹಾಲು ಹಾಕುತ್ತಾರೆ. ಹಾಗಾಗಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಪದಾರ್ಥ) ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಆಫೀಸಿನಲ್ಲಿ ನಾನು ಜಾಸ್ತಿ ಗೊತ್ತಿದ್ದವಳ ಥರ ಕೂತಿದ್ದು ಅದೊಂದೇ ದಿನ.

ಸೋಮವಾರ ಬಂದ ಟಿಕೆಟ್ (ದೂರು): ಹಾಲಿನ ಚೀಟಿಯಲ್ಲಿ ‘ಚನ್ನರಾಯಪಟ್ಟಣ’ ಬದಲು ‘ಚನ್ನರಾಯಪಟ್’ ಎಂದು ಬರುತ್ತಿದೆ. ಕೋಡ್ ನೋಡಿದೆ. ಹೆಸರನ್ನು 10 ಅಕ್ಷರಕ್ಕೆ ಕತ್ತರಿಸಿ ಅಂತಿದೆ. ಬೆರಳಲ್ಲಿ ಎಣಿಸಿದೆ: ಚ, ನ್ನ, ರಾ, ಯ, ಪ, ಟ್ಟ, ಣ. ಏಳೇ! ನಮ್ಮ ಕೋಡಿನ ಭಾಷೆ ಜಾವಾಸ್ಕ್ರಿಪ್ಟ್ ಮಾತ್ರ 12 ಎನ್ನುತ್ತದೆ. ಯೂನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಡುವ ಸಂಕೇತ ಪದ್ಧತಿ) ‘ಟ್ಟ’ ಒಂದಲ್ಲ, ಮೂರು: ಟ, ಹಲಂತ (ವ್ಯಂಜನದ ಸ್ವರ ತೆಗೆಯುವ ಗುರುತು), ಮತ್ತೆ ಟ. ‘ರಾ’ ಎರಡು. ಕತ್ತರಿ ಸರಿಯಾಗಿ ಹಲಂತದ ಮೇಲೆ ಬಿದ್ದಿತ್ತು.

ಇಂಟರ್‌ನೆಟ್‌ನಲ್ಲಿ ಹುಡುಕಿ ಪದವನ್ನು ಅಕ್ಷರಗಳಾಗಿ ಬಿಡಿಸುವ ಸೆಗ್ಮೆಂಟರ್ ಹಾಕಿದೆ. ಅದು ‘ರಾ’ವನ್ನು ಒಂದಾಗಿ ಹಿಡಿಯಿತು, ‘ಟ್ಟ’ವನ್ನು ಮಾತ್ರ ಟ್, ಟ ಎಂದು ಒಡೆಯಿತು. ಲೆಕ್ಕ 9. ಕೊನೆಗೆ ನಾನೇ ಒಂದು ನಿಯಮ ಬರೆದೆ: ತುಂಡು ಹಲಂತದಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಸೇರಿಸು. ‘ಸ್ತ್ರೀ’ ಕೊಟ್ಟು ನೋಡಿದೆ. ಒಳಗೆ ಆರು, ಹೊರಗೆ ಒಂದು. ಖುಷಿಗೆ ಎರಡು ಕಾಫಿ ಕುಡಿದೆ.

ಬುಧವಾರ ಖುಷಿ ಇಳಿಯಿತು. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70 ಮಾತ್ರ. ಒಂದು ಎಸ್‌ಎಂಎಸ್ ಅಂದರೆ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ನಮ್ಮದಕ್ಕೆ 16 ಬೇಕು. 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಇಲ್ಲಿ ಏಳು, ಒಂಬತ್ತು ಎನ್ನುವ ನನ್ನ ಎಣಿಕೆ ನಡೆಯಲ್ಲ, ಹಲಂತಕ್ಕೂ ಲೆಕ್ಕ.

ಹಾಲು ಹಾಕಿದವರಿಗೆ ಹೋಗುವ ನಮ್ಮ ಮೆಸೇಜು ಹೀಗಿತ್ತು: ‘ಇಂದು ಬೆಳಿಗ್ಗೆ ಹಾಲು 6.5 ಲೀಟರ್, ಫ್ಯಾಟ್ 4.2, ಎಸ್‌ಎನ್‌ಎಫ್ 8.6, ಲೀಟರ್‌ಗೆ ರೂ.34’. ಒಟ್ಟು 73. ಮೂರು ಜಾಸ್ತಿ.

ಒಂದೊಂದೇ ಎಣಿಸುವಾಗ ಕಣ್ಣಿಗೆ ಕಾಣದ ಮೂರು ಸಿಕ್ಕವು. ‘ಎಸ್‌ಎನ್‌ಎಫ್’ ಒಳಗೆ ಎರಡು, ‘ಲೀಟರ್‌ಗೆ’ ಒಳಗೆ ಒಂದು. ಒತ್ತಕ್ಷರ ಆಗದಂತೆ ತಡೆಯುವ ಜೋಡಿಸದ ಗುರುತು ಅದು, ಹೆಸರು ಝಡ್‌ಡಬ್ಲ್ಯುಎನ್‌ಜೆ. ಒಂದೇ ಸಾಲಿನ ಕೋಡಿನಲ್ಲಿ ಎಲ್ಲ ತೆಗೆದೆ. ಸರಿಯಾಗಿ 70! ಇನ್ನೊಮ್ಮೆ ನೋಡದೆ ಟೆಸ್ಟ್ ನಂಬರುಗಳಿಗೆ ಕಳಿಸಿಬಿಟ್ಟೆ.

ಗುರುವಾರ ಬೆಳಿಗ್ಗೆ ಟೆಸ್ಟ್ ನಂಬರುಗಳಿಗೆ ಒಂದೂ ಮೆಸೇಜು ಬಂದಿರಲಿಲ್ಲ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮದ ಪ್ರಕಾರ ಇಂಥ ಮೆಸೇಜಿನ ಟೆಂಪ್ಲೇಟನ್ನು (ಮಾದರಿಯನ್ನು) ಮೊದಲೇ ನೋಂದಾಯಿಸಿರಬೇಕು. ನೋಂದಾಯಿಸಿದ್ದರಲ್ಲಿ ಆ ಗುರುತುಗಳಿದ್ದವು, ಕಳಿಸಿದ್ದರಲ್ಲಿ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಿದೆ. ಅಲ್ಲದೆ ನನ್ನ ಸ್ಕ್ರೀನಿನಲ್ಲೇ ‘ಲೀಟರ್‌ಗೆ’ ಹೋಗಿ ‘ಲೀಟರ್ಗೆ’ ಆಗಿತ್ತು, ಅದನ್ನೂ ಗಮನಿಸಿರಲಿಲ್ಲ.

ಲೀಡ್ ಮೇಡಂ ಬೈಯಲಿಲ್ಲ. ‘ಎಸ್ಎನ್ಎಫ್‌ಗೆ ಅದು ಯಾಕೆ ಬೇಕು ಹೇಳು?’ ಎಂದು ಕೇಳಿದರು. ಯೋಚಿಸಿದೆ. ಹಲಂತದ ಮುಂದೆ ‘ಎ’ ಸ್ವರ ಇದೆ, ಸ್ವರಕ್ಕೆ ಒತ್ತು ಬರುವುದೇ ಇಲ್ಲ. ಅಲ್ಲಿ ಗುರುತು ಸುಮ್ನೆ ಕೂತಿತ್ತು. ‘ಲೀಟರ್‌ಗೆ’ಯಲ್ಲಿ ಮುಂದಿರುವುದು ‘ಗ’, ಅಲ್ಲಿ ಬೇಕೇ ಬೇಕು. ‘ಮತ್ತೆ ಈ ಇಂದು ಯಾಕೆ? ನಾಳೆ ಹಾಲಿಗೆ ಇವತ್ತೇ ಮೆಸೇಜು ಕಳಿಸ್ತೀವಾ?’ ಎಂದರು. ಅದನ್ನೂ ತೆಗೆದೆ. ಈಗ 66. ಹನ್ನೆರಡೂವರೆ ಲೀಟರ್ ಹಾಕುವವರಿಗೂ ಜಾಗ ಉಂಟು. ಹೊಸ ಟೆಂಪ್ಲೇಟ್ ಒಪ್ಪಿಗೆಗೆ ಹೋಗಿದೆ.

ಶುಕ್ರವಾರ ಸಂಜೆ ಒಂದು ಸೊಸೈಟಿಯಿಂದ ಸದಸ್ಯರ ಹಳೇ ಪಟ್ಟಿ ಬಂತು. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. 7ನೇ ವಾರ ಅದರದ್ದೇ.