ಲೇಔಟ್‌ಗೆ ಒಪ್ಪಿಗೆ ಕೊಡುವವರು ಒಬ್ಬರು, ನೀರು ಕೊಡಬೇಕಾದವರು ಇನ್ನೊಬ್ಬರು

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮ್ಯಾನ್‌ಹೋಲ್ ಇದೆ. ಮುಚ್ಚಳ ಒಡೆದು ಎರಡು ವರ್ಷ ಆಯಿತು. ಯಾರೋ ಒಂದು ಚಪ್ಪಡಿ ಕಲ್ಲು ಎಳೆದು ಹಾಕಿದ್ದಾರೆ. ಲೇಔಟ್‌ನ ಅಷ್ಟೂ ಮನೆಗಳ ಕೊಳಚೆ ನೀರು ಪೈಪಿನಲ್ಲಿ ಬಂದು ಅಲ್ಲಿ ಸೇರುತ್ತದೆ. ಅಲ್ಲಿಂದ ಮುಂದಕ್ಕೆ ಪೈಪೇ ಇಲ್ಲ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಎಲ್ಲರ ಮನೆಯಲ್ಲೂ ಸ್ನಾನ, ಪಾತ್ರೆ, ಬಟ್ಟೆ ನಡೆಯುವ ಹೊತ್ತಿಗೆ ಚಪ್ಪಡಿಯ ಸಂದಿಯಿಂದ ಬೂದು ಬಣ್ಣದ ನೀರು ಉಕ್ಕಿ, ಕಾಂಪೌಂಡಿನ ಕೆಳಗೆ ನುಸುಳಿ, ಪಕ್ಕದ ಹೊಲಕ್ಕೆ ಇಳಿಯುತ್ತದೆ.

ಆ ಹೊಲದ ಯಜಮಾನರಿಗೆ ಎಪ್ಪತ್ತು ದಾಟಿದೆ. ಹೋದ ತಿಂಗಳು ವಾಕಿಂಗ್ ಹೋದಾಗ ಬದುವಿನ ಮೇಲೆ ಕೂತಿದ್ದರು. ನಾನೇ ಮಾತಾಡಿಸಿದೆ. ಜಗಳ ಆಡುತ್ತಾರೆ ಅಂದುಕೊಂಡಿದ್ದೆ, ಆಡಲಿಲ್ಲ. "ಎಲ್ಡು ವರ್ಸದಿಂದ ಈ ತುದೀಲಿ ರಾಗಿ ಹಾಕಿಲ್ಲ ಸಾಮಿ. ಕಾಲಿಟ್ರೆ ಕೆರೆತ ಬತ್ತದೆ. ನೀವು ಮನೆ ಕಟ್ಕಂಡ್ರಿ, ಸಂತೋಷ. ನಿಮ್ಮ ಬಚ್ಚಲು ನೀರು ನಮ್ಮ ಹೊಲಕ್ಕೆ ಯಾಕೆ ಬರಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರೋದು ಮೈಸೂರಿನ ರಿಂಗ್ ರೋಡ್ ಆಚೆ. ಖಾಸಗಿ ಲೇಔಟ್. ಕಾಗದ ಪತ್ರ ಎಲ್ಲ ಸರಿಯಾಗಿದೆ: ಭೂಪರಿವರ್ತನೆ ಆಗಿದೆ, ಪ್ರಾಧಿಕಾರದ ಅನುಮೋದನೆ ಇದೆ, ಬ್ಯಾಂಕ್ ಸಾಲ ಕೊಟ್ಟಿದೆ. ಪ್ಲಾನ್‌ನಲ್ಲಿ ಪಾರ್ಕ್ ಇದೆ, ಸಿಎ ಸೈಟ್ (ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಇದೆ, 30 ಅಡಿ, 40 ಅಡಿ ರಸ್ತೆಗಳಿವೆ. ಯಾರೂ ಮೋಸ ಮಾಡಿ ಸೈಟು ಮಾರಿದ್ದಲ್ಲ. ಇಷ್ಟೆಲ್ಲ ಸರಿಯಿದ್ದೂ ಕುಡಿಯುವ ನೀರು ಟ್ಯಾಂಕರ್‌ನಲ್ಲಿ ಬರುತ್ತದೆ, ಕೊಳಚೆ ನೀರು ರೈತರ ಹೊಲಕ್ಕೆ ಹೋಗುತ್ತದೆ. ನನಗೆ ಜಾಸ್ತಿ ನೋವು ಕೊಡುವುದು ಇದೇ. ನಿಯಮ ಮುರಿದು ಹೀಗಾಗಿದ್ದರೆ ಯಾರನ್ನಾದರೂ ಹಿಡಿದು ಕೇಳಬಹುದಿತ್ತು.

ಇದು ಹೇಗಾಗುತ್ತದೆ ಅಂತ ಗೊತ್ತಾಗಬೇಕಾದರೆ ಒಂದು ಸಭೆಯಲ್ಲಿ ಕೂರಬೇಕು. ನಾನು ಕೂತೆ. ನಮ್ಮ ಭಾಗದ ಸ್ಥಳೀಯ ಸಂಸ್ಥೆಯಲ್ಲಿ ನಿವಾಸಿಗಳನ್ನು ಕರೆದಿದ್ದರು. ಆರು ಖಾಸಗಿ ಲೇಔಟ್‌ಗಳನ್ನು ವಶಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದು ಅವತ್ತಿನ ವಿಷಯ. ನಾವೆಲ್ಲ ಹೋಗಿದ್ದು "ತಗೊಳ್ಳಿ, ಬೇಗ ತಗೊಳ್ಳಿ" ಅಂತ ಹೇಳುವುದಕ್ಕೆ. ಹಸ್ತಾಂತರ ಆಗದೆ ಕಸದ ಆಟೋ ಸರಿಯಾಗಿ ಬರಲ್ಲ, ಬೀದಿದೀಪ ಕೆಟ್ಟರೆ ಯಾರೂ ನೋಡಲ್ಲ, ಎಲ್ಲದಕ್ಕೂ ನಾವೇ ಮನೆಗಿಷ್ಟು ಅಂತ ದುಡ್ಡು ಹಾಕಬೇಕು.

ಅಲ್ಲಿ ಒಬ್ಬರು ಎಂಜಿನಿಯರ್ ಎದ್ದು ನಿಂತು ಹೇಳಿದ ಮಾತು ನನಗೆ ಮೊದಲು ಸಿಟ್ಟು ತರಿಸಿತು. "ಇವತ್ತು ನಾವು ವಶಕ್ಕೆ ತಗೊಂಡರೆ ನಾಳೆಯಿಂದ ಬೀದಿದೀಪದ ಬಿಲ್ಲು ನಮ್ಮದು, ಕಸ ನಮ್ಮದು, ರಸ್ತೆ ಗುಂಡಿ ನಮ್ಮದು. ಸರಿ. ಆದರೆ ನಿಮ್ಮ ಯುಜಿಡಿ, ಅಂದರೆ ಒಳಚರಂಡಿ ಲೈನನ್ನು ನಾನು ಎಲ್ಲಿಗೆ ಸೇರಿಸಲಿ? ಹತ್ತಿರದಲ್ಲಿ ಮೇನ್ ಲೈನೇ ಇಲ್ಲ. ನೀರು ಎಲ್ಲಿಂದ ತರಲಿ? ಈ ಲೇಔಟ್ ಮಾಡುವಾಗ ನಮ್ಮನ್ನು ಯಾರೂ ಹೀಗೆ ಕೂರಿಸಿ ಕೇಳಲಿಲ್ಲ." ಹಿಂದಿನ ಸಾಲಿನಲ್ಲಿ ಗಲಾಟೆ ಶುರುವಾಯಿತು, ನಮ್ಮ ಬೀದಿಯವರೊಬ್ಬರು ಕಂದಾಯದ ರಸೀದಿ ಮೇಲೆತ್ತಿ ತೋರಿಸಿ ಕೂಗಿದರು. ನಾನೂ ಕೂಗಿದೆ. ರಾತ್ರಿ ಮಲಗಿದಾಗ ಯೋಚನೆ ಮಾಡಿದರೆ ಆ ಮನುಷ್ಯ ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ.

ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವುದು ಅಭಿವೃದ್ಧಿ ಪ್ರಾಧಿಕಾರ. ಇಲ್ಲಿ 1988ರಿಂದ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಇತ್ತು, ಈಗ ಅದರ ಜಾಗದಲ್ಲಿ ಎಂಡಿಎ (ಮೈಸೂರು ಅಭಿವೃದ್ಧಿ ಪ್ರಾಧಿಕಾರ) ಬಂದಿದೆ. ಬಾಯಲ್ಲಿ ಇನ್ನೂ ಎಲ್ಲರೂ ಮುಡಾ ಅಂತಲೇ ಅನ್ನುವುದು. ರಸ್ತೆ, ಪಾರ್ಕ್ ಜಾಗವನ್ನು ಡೆವಲಪರ್ ಬಿಟ್ಟುಕೊಡುತ್ತಾರೆ, ಒಳಗಿನ ಕೆಲಸ ಮುಗಿದ ಹಾಗೆ ಸೈಟುಗಳು ಹಂತ ಹಂತವಾಗಿ ಬಿಡುಗಡೆ ಆಗುತ್ತವೆ, ಕೊನೆಗೆ ಎಲ್ಲವನ್ನೂ ಪಾಲಿಕೆಗೋ ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಒಪ್ಪಿಸುತ್ತಾರೆ. ಅಲ್ಲಿಗೆ ಡೆವಲಪರ್ ಜವಾಬ್ದಾರಿ ಮುಗಿಯಿತು. ನೀರು, ಚರಂಡಿ, ಕಸ, ದೀಪ ಎಲ್ಲ ಮುಂದೆ ಎಷ್ಟು ವರ್ಷ ಬೇಕೋ ಅಷ್ಟು ವರ್ಷ ಸ್ಥಳೀಯ ಸಂಸ್ಥೆಯ ಹೆಗಲಿಗೆ. ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಕೇಳುವ ಪದ್ಧತಿ ಇಲ್ಲ ಅಂತಲ್ಲ. ಆದರೆ ಎನ್‌ಒಸಿ ಒಂದು ಕಾಗದ. ಅದು ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗುತ್ತದೆ. ಒಪ್ಪಿಗೆ ಕೊಡುವವರೂ ನೀರು ಕೊಡಬೇಕಾದವರೂ ಒಂದೇ ಕೋಣೆಯಲ್ಲಿ ಕೂತು, ಜನರ ಮುಂದೆ, "ಇಷ್ಟು ಮನೆ ಬಂದರೆ ನೀರು ಇಲ್ಲಿಂದ, ಕೊಳಚೆ ಅಲ್ಲಿಗೆ" ಅಂತ ಹೇಳಿಕೊಂಡಿದ್ದನ್ನು ನಾನು ನೋಡಿಲ್ಲ.

ಒಳಗಿನ ಚರಂಡಿ ಪೈಪು ನಮ್ಮಲ್ಲಿ ಅಚ್ಚುಕಟ್ಟಾಗಿಯೇ ಇದೆ. ಮೈಸೂರಿನ ಕೊಳಚೆ ನೀರು ಶುದ್ಧ ಮಾಡುವ ಘಟಕಗಳು ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ ಈ ಮೂರು ಕಡೆ ಇವೆ. ಆ ಯಾವುದಕ್ಕೂ ನಮ್ಮ ಪೈಪು ಮುಟ್ಟುವುದಿಲ್ಲ. ಪ್ಲಾನ್‌ನಲ್ಲಿ ಲೇಔಟ್‌ನ ಗಡಿಗೆ ಒಂದು ದಪ್ಪ ಗೆರೆ ಎಳೆದಿರುತ್ತಾರಲ್ವಾ, ಎಲ್ಲ ಲೆಕ್ಕವೂ ಆ ಗೆರೆಯ ಒಳಗೇ ಮುಗಿದುಹೋಗುತ್ತದೆ. ಗೆರೆಯ ಆಚೆ ಇರುವುದು ಆ ಯಜಮಾನರ ಹೊಲ.

ರಸ್ತೆಯದೂ ಅದೇ ಕಥೆ. ಲೇಔಟ್ ಒಳಗೆ 40 ಅಡಿ ರಸ್ತೆಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಲೇಔಟ್‌ಗೆ ಬರುವ ದಾರಿ ಮಾತ್ರ ಹಳೇ ಬಂಡಿ ದಾರಿ. ಅದರ ಮೇಲೆ ಟಾರು ಬಿದ್ದಿದೆ ಅಷ್ಟೆ. ಎರಡು ಕಡೆ ಹಿಡುವಳಿ ಜಮೀನು, ಎರಡು ಕಡೆಯೂ ಬೇಲಿ ವರ್ಷಕ್ಕಿಷ್ಟು ಒಳಗೆ ಬಂದಿದೆ. ಹೋದ ಡಿಸೆಂಬರ್‌ನಲ್ಲಿ ರಾತ್ರಿ ಅಮ್ಮನಿಗೆ ಉಸಿರು ಕಟ್ಟಿದ ಹಾಗಾಗಿ 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬೇಗನೇ ಹೊರಟಿತ್ತು. ಆದರೆ ಆ ದಾರಿಯಲ್ಲಿ ಎದುರಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರ್. ಯಾರು ಹಿಂದೆ ಹೋಗೋದು? ಟ್ರ್ಯಾಕ್ಟರ್‌ಗೆ ಹಿಂದೆ ಟ್ರೇಲರ್ ಇದೆ, ಆಗಲ್ಲ. ಕೊನೆಗೆ ಆಂಬುಲೆನ್ಸ್ ಡ್ರೈವರೇ ರಿವರ್ಸ್‌ನಲ್ಲಿ ಮೇನ್ ರೋಡ್‌ವರೆಗೆ ಹೋಗಿ ಮತ್ತೆ ಬಂದರು. ನಾನು ಗೇಟಿನ ಹತ್ತಿರ ನಿಂತು ದೂರದಲ್ಲಿ ಆ ನೀಲಿ ದೀಪ ಹಿಂದಕ್ಕೆ ಹಿಂದಕ್ಕೆ ಹೋಗುವುದನ್ನು ನೋಡುತ್ತಿದ್ದೆ. ಅಮ್ಮ ಈಗ ಚೆನ್ನಾಗಿದ್ದಾರೆ. ಆದರೆ ಆ ದೀಪ ಹಿಂದಕ್ಕೆ ಹೋಗಿದ್ದು ಮರೆಯೋಕೆ ಆಗಲ್ಲ.

ನಾನು ಹುಟ್ಟಿ ಬೆಳೆದಿದ್ದು ಕೃಷ್ಣಮೂರ್ತಿಪುರಂನಲ್ಲಿ. ಅಲ್ಲಿ ಮನೆಗಳ ಹಿಂದೆ ಸಣ್ಣ ಗಲ್ಲಿಗಳಿದ್ದವು, ಕನ್ಸರ್ವೆನ್ಸಿ ಅನ್ನುತ್ತಿದ್ದೆವು. ಚೆಂಡು ಬಿದ್ದರೆ ತರೋಕೆ ಹೋಗುತ್ತಿದ್ದ ಜಾಗ ನಮಗೆ. ಅದು ಯಾಕಿದೆ ಅಂತ ಯಾರೂ ಹೇಳಿರಲಿಲ್ಲ. ದೊಡ್ಡವನಾದ ಮೇಲೆ ತಿಳಿಯಿತು. 1890ರ ದಶಕದ ಕೊನೆಯಲ್ಲಿ ಪ್ಲೇಗ್ ಬಂದು ಊರು ತತ್ತರಿಸಿತ್ತು. ಆಮೇಲೆ 1903ರಲ್ಲಿ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ದೇಶದಲ್ಲೇ ಮೊದಮೊದಲಿನವುಗಳಲ್ಲಿ ಅದೂ ಒಂದು. ಇಕ್ಕಟ್ಟಾದ ಕೇರಿಗಳಿಗೆ ಗಾಳಿ ಬೆಳಕು ಬರುವ ಹಾಗೆ ಮಾಡುವುದು, ಅಗಲ ರಸ್ತೆ, ಚರಂಡಿ, ಹಿಂದೆ ಗಲ್ಲಿ, ಇದೇ ಅವರ ಮುಖ್ಯ ಕೆಲಸ. ಜನ ಸತ್ತ ಮೇಲೆ ಕಲಿತ ಪಾಠ ಅದು. ನೂರು ವರ್ಷ ದಾಟಿದರೂ ಹಳೇ ಮೊಹಲ್ಲಾಗಳಲ್ಲಿ ಇವತ್ತಿಗೂ ನಡೆದಾಡೋಕೆ ಹಿತ ಅನ್ನಿಸುತ್ತದಲ್ವಾ, ಅದಕ್ಕೆ ಕಾರಣ ಯಾರೋ ನೀರು ಯಾವ ಕಡೆ ಹರಿಯುತ್ತದೆ ಅಂತ ಮೊದಲೇ ನೋಡಿದ್ದು.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಬೃಹತ್ ಮೈಸೂರು. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಎಲ್ಲ ಪಾಲಿಕೆಗೆ ಸೇರಿದರೆ ಸಮಸ್ಯೆ ಮುಗಿಯಿತು ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಾ ಯಾರಾದರೂ ಬರೆಯುತ್ತಾರೆ. ಸೇರುವುದಕ್ಕೆ ನನ್ನ ವಿರೋಧ ಇಲ್ಲ. ಊರು ಒಂದೇ, ಆಡಳಿತ ಯಾಕೆ ಆರು ತುಂಡು? ಆದರೆ ಬೋರ್ಡು ಬದಲಾದ ತಕ್ಷಣ ನಲ್ಲಿಯಲ್ಲಿ ನೀರು ಬರುತ್ತದೆ ಅಂತ ನಂಬಬೇಡಿ. ಬೆಂಗಳೂರನ್ನು ನೋಡಿ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಆ 110 ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್‌ನ ಯೋಜನೆ, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ. ಅಷ್ಟರಲ್ಲಿ ಅಲ್ಲಿ ಎಷ್ಟು ಅಪಾರ್ಟ್‌ಮೆಂಟ್ ಎದ್ದವು, ಎಷ್ಟು ಬೋರ್‌ವೆಲ್ ಬತ್ತಿದವು, 2024ರ ಬೇಸಿಗೆಯಲ್ಲಿ ಆ ಜನ ಒಂದು ಟ್ಯಾಂಕರ್‌ಗೆ ಹೇಗೆ ಪರದಾಡಿದರು ಅನ್ನುವುದನ್ನು ಇಡೀ ದೇಶ ನೋಡಿತು. ನನ್ನ ತಂಗಿ ವರ್ತೂರು ಕಡೆ ಇದ್ದಾಳೆ. ಆ ಮಾರ್ಚ್‌ನಲ್ಲಿ ಅವಳು ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಬಂದು ಹತ್ತು ದಿನ ಇದ್ದಳು, ಸ್ನಾನಕ್ಕೆ ನೀರು ಸಿಗುತ್ತದೆ ಅಂತ. ನಮ್ಮ ಮನೆಗೂ ಟ್ಯಾಂಕರ್ ನೀರೇ ಬರೋದು ಅಂತ ನೋಡಿ ಸುಮ್ನಾದಳು.

ನಮ್ಮ ಕಡೆಗೂ ಕೆಆರ್‌ಎಸ್ ಹಿನ್ನೀರಿನಿಂದ ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆ ಇದೆ. ಅದು ಪೂರ್ತಿಯಾಗಿ ಬರಲಿ, ಬೇಗ ಬರಲಿ. ಆದರೆ ಆ ನೀರನ್ನು ನಂಬಿಕೊಂಡು ಇವತ್ತೇ ಇನ್ನಷ್ಟು ಲೇಔಟ್‌ಗೆ ಒಪ್ಪಿಗೆ ಕೊಡುತ್ತಾ ಹೋದರೆ, ಆ ನೀರು ಬರುವಷ್ಟರಲ್ಲೇ ಸಾಲದೆ ಹೋಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಈ ಪ್ರಶ್ನೆಗಳನ್ನು ಕೇಳಬೇಕಾದ ಜಾಗ ಕೌನ್ಸಿಲ್ ಸಭೆ. ಮೈಸೂರು ಪಾಲಿಕೆಯ 65 ವಾರ್ಡ್‌ಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು, ಆಮೇಲೆ ಅಧಿಕಾರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, 2020ರ ಸೆಪ್ಟೆಂಬರ್‌ನಲ್ಲೇ ಕೌನ್ಸಿಲ್ ಅವಧಿ ಮುಗಿದಿತ್ತು. ಅಧಿಕಾರಿಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ, ಒಳ್ಳೆಯವರನ್ನು ನೋಡಿದ್ದೇನೆ. ಆದರೆ ಬೆಳಗ್ಗೆ ಹಾಲಿಗೆ ಹೋದಾಗ ಸಿಗುವ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂರುವ ಕಾರ್ಪೊರೇಟರ್‌ನ ಕೇಳಿದ ಹಾಗೆ ವರ್ಗ ಆಗಿ ಹೋಗುವ ಅಧಿಕಾರಿಯನ್ನು ಕೇಳೋಕೆ ಆಗಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ಮೊದಲನೆಯದೇ ನಗರ ಯೋಜನೆ. ಮೊದಲನೆಯದು! ನಮ್ಮಲ್ಲಿ ಆ ಕೆಲಸ ಪ್ರಾಧಿಕಾರದ ಹತ್ತಿರ ಉಳಿದುಕೊಂಡಿದೆ, ಪಾಲಿಕೆಗೆ ಬರುವುದು ಕಟ್ಟಿ ಮುಗಿಸಿದ ಮೇಲೆ ಉಳಿಯುವ ತಾಪತ್ರಯ.

ಹಾಗಾದರೆ ಹೊಸ ಮನೆಗಳೇ ಬೇಡ್ವಾ? ಆ ಸಭೆಯಲ್ಲೂ ಒಬ್ಬ ಹುಡುಗ ಹೀಗೆ ಕೇಳಿದ. "ಸಾರ್, ನಿಮಗೆ ಮನೆ ಆಯ್ತು, ಈಗ ಬಾಗಿಲು ಹಾಕಿ ಅಂತೀರಾ? ನಾನು ಬಾಡಿಗೆ ಮನೇಲಿದ್ದೀನಿ." ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಮನೆ ಬೇಕು, ಜಾಸ್ತಿ ಬೇಕು, ಅವನ ಸಂಬಳಕ್ಕೆ ಎಟಕುವಂಥದ್ದು ಬೇಕು. ನಾನು ಕೇಳುತ್ತಿರುವುದು ಒಪ್ಪಿಗೆ ಕೊಡುವ ದಿನವೇ ಮೂರು ವಿಷಯ ಲಿಖಿತವಾಗಿ ಇರಲಿ, ಅದನ್ನು ಯಾರು ಬೇಕಾದರೂ ಓದುವ ಹಾಗೆ ಇರಲಿ ಅಂತ. ಕುಡಿಯುವ ನೀರು ಯಾವ ಲೈನಿಂದ, ಯಾವತ್ತಿನಿಂದ? ಕೊಳಚೆ ಯಾವ ಘಟಕಕ್ಕೆ, ಮಧ್ಯದ ಪೈಪನ್ನು ಯಾರ ದುಡ್ಡಲ್ಲಿ ಹಾಕುತ್ತಾರೆ? ಮೇನ್ ರೋಡ್‌ನಿಂದ ಲೇಔಟ್ ಗೇಟಿನವರೆಗೆ ದಾರಿ ಎಷ್ಟು ಅಡಿ ಇದೆ? ಇದಕ್ಕೆ ಉತ್ತರ ಬರೆದು ಸಹಿ ಹಾಕುವವರು ಮುಂದೆ ಅದನ್ನು ನಡೆಸಬೇಕಾದ ಸಂಸ್ಥೆಯವರೇ ಆಗಬೇಕು. ಉತ್ತರ ಇಲ್ಲದಿದ್ದರೆ ಸೈಟು ಬಿಡುಗಡೆ ಆಗಬಾರದು. ಆ ಹುಡುಗ ನಾಳೆ ಸಾಲ ಮಾಡಿ ಸೈಟು ತಗೊಂಡು, ನನ್ನ ಹಾಗೆ ತಿಂಗಳಿಗೆ ನಾಲ್ಕು ಟ್ಯಾಂಕರ್‌ಗೆ ದುಡ್ಡು ಕೊಡುವುದು ಬೇಡ.

ಆ ಸಭೆಯಲ್ಲಿ ತೀರ್ಮಾನ ಆಗಲಿಲ್ಲ. ಆರರಲ್ಲಿ ಎರಡು ಲೇಔಟ್‌ಗಳನ್ನು ತೆಗೆದುಕೊಳ್ಳುವುದಾಗಿ, ಉಳಿದವುಗಳ ಯುಜಿಡಿ ಬಗ್ಗೆ ಪರಿಶೀಲನೆ ಮಾಡುವುದಾಗಿ ಹೇಳಿದರು. ನಮ್ಮದು ಉಳಿದವುಗಳಲ್ಲಿದೆ.

ಹೊಲದ ಯಜಮಾನರ ಹತ್ತಿರ ಮತ್ತೆ ಹೋಗಿದ್ದೆ, ಈ ಸಲ ನಮ್ಮ ಬೀದಿಯ ಇನ್ನಿಬ್ಬರನ್ನು ಕರೆದುಕೊಂಡು. ಸದ್ಯಕ್ಕೆ ಮ್ಯಾನ್‌ಹೋಲ್ ಪಕ್ಕ ಒಂದು ದೊಡ್ಡ ಗುಂಡಿ ತೆಗೆಸಿ ರಿಂಗ್ ಇಳಿಸಿ, ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸುವುದು ಅಂತ ಮಾತಾಯಿತು. ಖರ್ಚು ನಮ್ಮದು. ಅವರು ಒಪ್ಪಿದರು. ಆಮೇಲೆ ಅವರೇ ಒಳಗೆ ಹೋಗಿ ಒಂದು ಹಳೇ ಗ್ರಾಮ ನಕಾಶೆಯ ಜೆರಾಕ್ಸ್ ತಂದು ಜಗಲಿ ಮೇಲೆ ಹರಡಿದರು. ಮಡಿಕೆ ಮಡಿಕೆಯಲ್ಲಿ ಹರಿದಿತ್ತು. ಬೆರಳಿಟ್ಟು ತೋರಿಸಿದರು: ಎರಡು ಚುಕ್ಕಿ ಗೆರೆ. ನಮ್ಮ ಬಂಡಿ ದಾರಿ, ನಕಾಶೆ ಕಂಡ ದಾರಿ. ಇವತ್ತು ನಾವು ಓಡಾಡುವುದಕ್ಕಿಂತ ಅಗಲವಾಗಿದೆ ಅಂತ ಅವರ ವಾದ. "ಬೇಲಿ ಒಳಗೆ ಬಂದದೆ. ನಂದೂ ಒಸಿ ಬಂದದೆ, ಸುಳ್ಳು ಯಾಕೆ ಹೇಳ್ಲಿ. ಅಳೆದ್ರೆ ನಾನು ಮೊದ್ಲು ಬಿಡ್ತೀನಿ" ಅಂದರು.

ಸರ್ವೆಗೆ ಅರ್ಜಿ ಹಾಕಿದ್ದೇವೆ. ಅರ್ಜಿಯಲ್ಲಿ ಮೊದಲ ಸಹಿ ಅವರದು.