ರೆನ್ನಿಂಗರ್ ಸ್ಕ್ಯಾನ್ ಪ್ರೋಗ್ರಾಮಿಗೆ ಧ್ರುವೀಕರಣ ಸೇರಿಸಿದ್ದು: ಪ್ರಗತಿ ಟಿಪ್ಪಣಿ 3

ರೆನ್ನಿಂಗರ್ ಸ್ಕ್ಯಾನ್ ಎಂದರೆ ಹರಳಿನ ಒಂದು ಎಕ್ಸ್-ಕಿರಣ ಪ್ರತಿಫಲನವನ್ನು ಹಿಡಿದಿಟ್ಟು, ಅದರ ಅಕ್ಷದ ಸುತ್ತ ಹರಳನ್ನು ತಿರುಗಿಸುತ್ತಾ ತೀವ್ರತೆ ಅಳೆಯುವುದು. ಸಿಲಿಕಾನ್ 222ರ (ಪರಮಾಣು ಪದರಗಳ ಒಂದು ಗುಂಪಿನ ಅಂಕಿಹೆಸರು, ಅದರ ಪ್ರತಿಫಲನಕ್ಕೂ ಅದೇ ಹೆಸರು) ಶೃಂಗಗಳು ಯಾವ ಕೋನದಲ್ಲಿ ಬೀಳುತ್ತವೆ ಎಂಬ ಲೆಕ್ಕ ಹಿಂದಿನ ಹಂತದಲ್ಲೇ ಮುಗಿದಿತ್ತು. ಈ ಸಲ ಅವುಗಳ ಎತ್ತರ. ಅದಕ್ಕೆ ಧ್ರುವೀಕರಣ, ಅಂದರೆ ಕಿರಣದ ವಿದ್ಯುತ್ ಕ್ಷೇತ್ರ ಕಂಪಿಸುವ ದಿಕ್ಕು, ಬೇಕು.

222 ತಾನಾಗಿ ತೀರಾ ಕ್ಷೀಣ. ಹರಳನ್ನು ಅದೇ 222ರ ಅಕ್ಷದ ಸುತ್ತ ತಿರುಗಿಸುವಾಗ ಇನ್ನೊಂದು ಪ್ರತಿಫಲನದ ಬಿಂದು ಎವಾಲ್ಡ್ ಗೋಳವನ್ನು (ಯಾವ ಪ್ರತಿಫಲನಕ್ಕೆ ಷರತ್ತು ಕೂಡಿಬಂದಿದೆ ಎಂದು ತೋರಿಸುವ ಕಾಲ್ಪನಿಕ ಗೋಳ) ಮುಟ್ಟಿದರೆ, ಕಿರಣ ಎರಡು ಸಲ ಚದುರಿ ಬಳಸುದಾರಿಯಲ್ಲಿ 222ರ ದಿಕ್ಕಿಗೇ ಬಂದು ಸೇರುತ್ತದೆ. 1937ರಲ್ಲಿ ರೆನ್ನಿಂಗರ್ ವಜ್ರದಲ್ಲಿ ತೋರಿಸಿದ್ದು ಇದನ್ನೇ.

ಬಳಸಿದ ಅಂಕಿಗಳು: ತಾಮ್ರದ ಕೆ-ಆಲ್ಫಾ1 ಎಕ್ಸ್-ಕಿರಣ, ತರಂಗಾಂತರ 1.5406 ಆಂಗ್‌ಸ್ಟ್ರಾಮ್, ಜಾಲದ ಅಳತೆ 5.431, 222ರ ಬ್ರಾಗ್ ಕೋನ (ಕಿರಣ ಪದರಗಳಿಂದ ಪ್ರತಿಫಲಿಸುವ ಓರೆ) 29.43 ಡಿಗ್ರಿ. ಕಿರಣದ ನೆರಳು ಹರಳಿನ ಮೇಲೆ [−1 −1 2] ದಿಕ್ಕಿಗೆ ಬಿದ್ದಾಗ ತಿರುಗಿಸುವ ಕೋನ ಸೊನ್ನೆ.

ಧ್ರುವೀಕರಣದ ಕೋಡ್ ಎರಡೇ ಸಾಲು. ಒಳಬರುವ ವಿದ್ಯುತ್ ಕ್ಷೇತ್ರದ ಸದಿಶದಿಂದ ನಡುವಿನ ಕಿರಣದ ದಿಕ್ಕಿನ ಭಾಗವನ್ನು ಕಳೆಯಿರಿ. ಉಳಿದದ್ದರಿಂದ ಹೊರಹೋಗುವ ಕಿರಣದ ದಿಕ್ಕಿನ ಭಾಗವನ್ನು ಕಳೆಯಿರಿ. ಮೊದಲನೆಯದನ್ನು ಬಿಟ್ಟರೆ ಸಿಗುವುದು ಸಾಮಾನ್ಯ ಬ್ರಾಗ್ ಪ್ರತಿಫಲನದ ಗುಣಕ: ಸಿಗ್ಮಾಗೆ (ಕ್ಷೇತ್ರ ಪ್ರತಿಫಲನದ ಸಮತಲಕ್ಕೆ ಲಂಬ) 1, ಪೈಗೆ (ಕ್ಷೇತ್ರ ಆ ಸಮತಲದೊಳಗೆ) 0.517. ಪರೀಕ್ಷೆಗೆ ಇದು ಒಳ್ಳೆಯದು, ಬಳಸುದಾರಿಗೆ ಮಾತ್ರ ತಪ್ಪು.

24.28 ಡಿಗ್ರಿಯಲ್ಲಿ ನಡುವಿನ ಪ್ರತಿಫಲನ 113ರ ಗುಂಪಿನದು, 35.72ರಲ್ಲಿ 1 1 −1ರ ಗುಂಪಿನದು. ಒಂದರ ಮೊದಲ ಹೆಜ್ಜೆ ಇನ್ನೊಂದರ ಎರಡನೇ ಹೆಜ್ಜೆ, ಹಾಗಾಗಿ ರಚನಾ ಗುಣಕಗಳ (ಪ್ರತಿ ಪ್ರತಿಫಲನದ ಸ್ವಂತ ಬಲದ ಅಳತೆ) ಗುಣಲಬ್ಧ ಎರಡಕ್ಕೂ ಒಂದೇ. ಧ್ರುವೀಕರಣವಿಲ್ಲದ ಕಿರಣಕ್ಕೆ ತೀವ್ರತೆಯ ಗುಣಕವೂ ಎರಡಕ್ಕೂ 0.542. 30 ಡಿಗ್ರಿಯ ಎರಡೂ ಬದಿ ಕನ್ನಡಿಯಂತೆ ಒಂದೇ ಸಮ, 60 ಡಿಗ್ರಿಗೊಮ್ಮೆ ಪುನರಾವರ್ತನೆ.

ಪೂರ್ತಿ ಸಿಗ್ಮಾ ಕೊಟ್ಟರೆ 113ಕ್ಕೆ 0.623, 1 1 −1ಕ್ಕೆ 0.722. ಪೂರ್ತಿ ಪೈ ಕೊಟ್ಟರೆ 0.461 ಮತ್ತು 0.363, ಅಂದರೆ ಮೇಲುಗೈ ಅದಲುಬದಲು. 30 ಡಿಗ್ರಿಯ ಕನ್ನಡಿ ಒಡೆಯಿತು. ಪುನರಾವರ್ತನೆ 120 ಡಿಗ್ರಿಗೆ ಹೋಯಿತು. ಇದನ್ನು ಮೊದಲು ಬಗ್ ಎಂದುಕೊಳ್ಳುವುದು ಸಹಜ, ಆದರೆ ಹರಳಿನ ನಿಜವಾದ ಸಮಮಿತಿ ಮೂರು ಮಡಿಯದೇ. ಆರು ಮಡಿ ಕಾಣುತ್ತಿದ್ದದ್ದು ಹೋಗುವ ಮತ್ತು ಬರುವ ದಾರಿಗಳು ಸಮವಾಗಿದ್ದುದರಿಂದ. ಧ್ರುವೀಕೃತ ಕಿರಣ ಆ ಸಮತೆಯನ್ನು ಮುರಿಯುತ್ತದೆ.

ಈ ಹಂತದಲ್ಲಿ ಹೆಚ್ಚು ಕಾಡಿದ ತಪ್ಪು: ಧ್ರುವೀಕರಣವಿಲ್ಲದ ಕಿರಣವೆಂದು 45 ಡಿಗ್ರಿ ಓರೆಯಾದ ಒಂದೇ ಸದಿಶ ಕೊಡುವುದು. ಹಾಗೆ ಮಾಡಿದರೆ 113 ಗೋಳದೊಳಗೆ ಬರುವಾಗ, ಹೊರಗೆ ಹೋಗುವಾಗ 0.325 ಮತ್ತು 0.760 ಎಂದು ಬೇರೆಬೇರೆ ಎತ್ತರ ಬರುತ್ತದೆ. ಸಿಗ್ಮಾ, ಪೈ ಎರಡನ್ನೂ ಬಿಡಿಯಾಗಿ ಓಡಿಸಿ ತೀವ್ರತೆಗಳ ಸರಾಸರಿ ತೆಗೆಯಬೇಕು, ಕ್ಷೇತ್ರಗಳದ್ದಲ್ಲ. ಒಳಕಿರಣದಲ್ಲಿ ಗ್ರಾಫೈಟ್ ಮಾನೋಕ್ರೋಮೇಟರ್ (ಬೇಕಾದ ತರಂಗಾಂತರವನ್ನು ಆರಿಸುವ ಹರಳು) ಇದ್ದರೆ ಪೈಯ ತೂಕ ಸುಮಾರು 0.8, ಅಷ್ಟಕ್ಕೇ ಜೋಡಿಶೃಂಗಗಳ ನಡುವೆ ಶೇ. 2ರಷ್ಟು ವ್ಯತ್ಯಾಸ.

ಇನ್ನೊಂದು ಅಂಶಕ್ಕೆ ಕೋಡಿನಲ್ಲಿ ಪ್ರತ್ಯೇಕ ಜಾಗ ಬೇಕು. 113ರಲ್ಲಿ ಪೈ ಒಳಹೋದರೆ 0.318ರಷ್ಟು ಕ್ಷೇತ್ರ ಸಿಗ್ಮಾ ಆಗಿ ಹೊರಬರುತ್ತದೆ. ನೇರವಾದ 222 ಹೀಗೆ ದಿಕ್ಕು ಬದಲಿಸಲಾರದು, ಹಾಗಾಗಿ ಆ ಪಾಲಿಗೆ ಅದರೊಡನೆ ವ್ಯತಿಕರಣವಿಲ್ಲ. ಶೃಂಗದ ಬುಡದಲ್ಲಿ ಒಂದು ಬದಿ ತಗ್ಗಿ ಇನ್ನೊಂದು ಬದಿ ಉಬ್ಬುವ ಆಕಾರ, ಅಂದರೆ ಹಂತಕೋನದ (ಎರಡು ದಾರಿಯ ಅಲೆಗಳ ಏರಿಳಿತದ ನಡುವಿನ ಅಂತರ) ಸುಳಿವು, ಸಿಗುವುದು ದಿಕ್ಕು ಬದಲಿಸದ ಪಾಲಿನಲ್ಲಿ ಮಾತ್ರ.

ಇದನ್ನು ಅಳತೆಗೆ ಇಳಿಸಲು, ಸಿಗ್ಮಾವನ್ನು ಪೈಯಿಂದ ಬೇರ್ಪಡಿಸುವ ಹರಳಾಗಿ ಜರ್ಮೇನಿಯಂ 333 ಆರಿಸಲಾಗಿದೆ: ಇದೇ ತರಂಗಾಂತರಕ್ಕೆ ಅದರ ಬ್ರಾಗ್ ಕೋನ 45.03 ಡಿಗ್ರಿ, ಪೈ ಬಹುತೇಕ ಪೂರ್ತಿ ಅಳಿಯುತ್ತದೆ. ಕೆ-ಆಲ್ಫಾ2 (ತಾಮ್ರದ್ದೇ ಪಕ್ಕದ ತರಂಗಾಂತರ) ಅಲ್ಲಿಂದ 0.14 ಡಿಗ್ರಿ ದೂರ, ಸ್ಲಿಟ್ ಬಿಗಿಯಿರಲಿ. ಅದೇ ಕೋನದಲ್ಲಿ 444 ಕೂಡ 10.73 ಕೆಇವಿ ಕಿರಣವನ್ನು ಹಾಯಿಸುತ್ತದೆ. ಡಿಟೆಕ್ಟರಿನ ಶಕ್ತಿಕಿಂಡಿಯನ್ನು 8.05ರ ಸುತ್ತ ಕಿರಿದಾಗಿಸಬೇಕು.