ಕೆರಿಕೆರಿಯ ಮರದ ಮನೆ

ಎರಡು ದಿನದಿಂದ ಒಂದು ಮನೆಯ ಗುಂಗಲ್ಲೇ ಇದ್ದೇನೆ. ನ್ಯೂಜಿಲೆಂಡಿನ ಕೆರಿಕೆರಿಯಲ್ಲಿರುವ ಬಿಳಿ ಬಣ್ಣದ ಮಹಡಿ ಮನೆ, ಆ ದೇಶದಲ್ಲಿ ಇವತ್ತಿಗೂ ಉಳಿದಿರುವ ಯುರೋಪಿಯನ್ ಕಟ್ಟಡಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. 1821-22ರಲ್ಲಿ ಮಿಷನರಿ ಜಾನ್ ಬಟ್ಲರ್‌ಗಾಗಿ ಕಟ್ಟಿದ್ದು, ಗೋಡೆಯೂ ಮರದ್ದೇ. ಕಟ್ಟುವ ಕೆಲಸದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳೂ ಇದ್ದರು, ಮಿಷನ್ ಅಲ್ಲಿ ನೆಲೆ ನಿಂತದ್ದೇ ಮಾವೋರಿಗಳ ಙಾಪುಹಿ ಬುಡಕಟ್ಟಿನ ನಾಯಕ ಹೋಂಗಿ ಹಿಕಾ ಆಸರೆ ಕೊಟ್ಟಿದ್ದರಿಂದ. ಹಾಗಾಗಿ ಬರೀ ಮಿಷನರಿ ಮನೆ ಅಂದರೆ ಅರ್ಧ ಕಥೆ ಹೇಳಿದ ಹಾಗೆ.

1832ರಲ್ಲಿ ಕಮ್ಮಾರ ಜೇಮ್ಸ್ ಕೆಂಪ್ ಅವರ ಸಂಸಾರ ಬಂತು. 1974ರಲ್ಲಿ ಪಾರಂಪರಿಕ ತಾಣಗಳ ಟ್ರಸ್ಟ್‌ಗೆ ಕೊಡುವವರೆಗೂ ಅದೇ ಮನೆತನದ ಕೈಲಿತ್ತು. ಮರದ ಮನೆ ಸುಮ್ನೆ ಉಳಿಯಲ್ಲ, ಸೋರಿದ ಕಡೆ ಯಾರಾದರೂ ನೋಡುತ್ತಲೇ ಇರಬೇಕು, ಅಲ್ವಾ?

1981ರಲ್ಲಿ ಪಕ್ಕದ ನದಿ ಉಕ್ಕಿ ನೀರು ಮನೆಯೊಳಗೇ ನುಗ್ಗಿತು. ರಿಪೇರಿ ಮಾಡಿದರು. ಆದರೂ ಭಯ ಹೋಗಲಿಲ್ಲ, ಯಾಕಂದ್ರೆ ಹತ್ತಿರದ ತಗ್ಗು ಸೇತುವೆ ಪ್ರವಾಹದ ನೀರನ್ನು ತಡೆದು ನಿಲ್ಲಿಸುತ್ತಿತ್ತು. ಕೊನೆಗೆ 2008ರಲ್ಲಿ ಬೇರೆ ಕಡೆಯಿಂದ ರಸ್ತೆ ತಂದು ಆ ಸೇತುವೆಯನ್ನೇ ತೆಗೆದುಹಾಕಿದರು. ರಸ್ತೆ ಅಗಲ ಮಾಡೋಕೆ ಹಳೇ ಮನೆ ಬೀಳಿಸೋದನ್ನೇ ಜಾಸ್ತಿ ನೋಡಿದವಳು ನಾನು, ಇದು ಓದಿ ತುಂಬಾ ಖುಷಿ ಆಯ್ತು.